ಹೊತ್ತು ಯಾರದು, ಹೆದರಿಕೆ ಯಾರದು?

ಹೆದರಿಸುವ ಸಿನಿಮಾಗಳಲ್ಲಿ ಎರಡು ಬಗೆ. ಒಂದು, ಬಾಗಿಲ ಹಿಂದಿನಿಂದ ದಿಢೀರನೆ ಮೇಲೆ ಬೀಳುವ ದೆವ್ವದ್ದು. ಇನ್ನೊಂದು, ಬೂದಿ ಮುಚ್ಚಿದ ಕೆಂಡದಂಥದ್ದು. ಅದರಲ್ಲಿ ಬಹಳ ಹೊತ್ತು ಏನೂ ನಡೆಯುವುದಿಲ್ಲ. ಮಳೆ ಸುರಿಯುತ್ತದೆ, ದೀಪ ಸಣ್ಣಗಾಗುತ್ತದೆ, ಯಾರೋ ಊಟ ಬಡಿಸುತ್ತಾರೆ. ಆದರೂ ನೋಡುವವರ ಬೆನ್ನು ತಣ್ಣಗಾಗುತ್ತದೆ. ಈ ಎರಡನೆಯ ಬಗೆಯವು ಬಹುಮಟ್ಟಿಗೆ ಹಳೆಯ ಕಾಲದ ದೊಡ್ಡ ಮನೆಗಳಲ್ಲೇ ಯಾಕೆ ನಡೆಯುತ್ತವೆ, ನಮ್ಮನ್ನು ಯಾಕೆ ಹಿಡಿದು ಕೂರಿಸುತ್ತವೆ ಎಂಬುದನ್ನು ದಲಿತ ವಿಮರ್ಶೆ ಕೇಳಿಕೊಳ್ಳಬೇಕು. ಇದು ಬರೀ ಮನರಂಜನೆಯ ಮಾತಲ್ಲ.

ಮೇಲ್ನೋಟದ ಉತ್ತರ ಸುಲಭ. ಹಳೆಯ ಕಾಲವೆಂದರೆ ಕರೆಂಟಿಲ್ಲ, ಫೋನಿಲ್ಲ, ಓಡಿಹೋಗಿ ದೂರು ಕೊಡಲು ಸ್ಟೇಷನ್ನಿಲ್ಲ. ಮನೆಗೊಂದೇ ಹೆಬ್ಬಾಗಿಲು, ಅದರ ಅಗಣಿ ಒಡೆಯನ ಕೈಯಲ್ಲಿ. ಕತೆ ವಿವರಗಳನ್ನು ಬಚ್ಚಿಟ್ಟಷ್ಟೂ ನೋಡುವವರ ಮನಸ್ಸೇ ಕತ್ತಲನ್ನು ತುಂಬಿಕೊಳ್ಳುತ್ತದೆ. ನನ್ನ ತರಗತಿಯ ಹುಡುಗನೊಬ್ಬ ಹೇಳಿದ್ದು ಇಷ್ಟೆ: 'ಎಂತದೂ ಆಗದಿಲ್ಲ ಸಾರ್, ಆದ್ರೂ ಎದ್ದು ಹೋಗಕ್ಕೆ ಆಗದಿಲ್ಲ.' ಎದ್ದು ಹೋಗಲಾಗದ ಈ ಸ್ಥಿತಿಯೇ ಈ ಸಿನಿಮಾಗಳ ತಿರುಳು. ಕೇರಿಯವರಿಗೆ ಅದು ಹೊಸದಲ್ಲ.

ಆ ಹುಡುಗ ಹೇಳಿದ್ದು ರಾಹುಲ್ ಸದಾಶಿವನ್ ನಿರ್ದೇಶಿಸಿದ ಮಲಯಾಳಂ ಚಿತ್ರ 'ಭ್ರಮಯುಗಂ' (2024) ಬಗ್ಗೆ. ಪೂರಾ ಕಪ್ಪು-ಬಿಳುಪಿನ ಈ ಚಿತ್ರ ನಡೆಯುವುದು ಹದಿನೇಳನೆಯ ಶತಮಾನದಲ್ಲಿ. ಪಾಣ ಸಮುದಾಯದ ಹಾಡುಗಾರ ತೇವನ್ ಅಡಿಯಾಳಾಗುವುದರಿಂದ ತಪ್ಪಿಸಿಕೊಂಡು, ಹಸಿದು, ಕಾಡಿನ ನಡುವಿನ ಪಾಳುಮನೆಗೆ ಬರುತ್ತಾನೆ. ಮಮ್ಮುಟ್ಟಿ ಅಭಿನಯಿಸಿದ ಪೋಟ್ಟಿ ಅವನ ಜಾತಿಯನ್ನೂ ಲೆಕ್ಕಿಸದವನಂತೆ ಅನ್ನ ಹಾಕುತ್ತಾನೆ, ಹಾಡು ಎನ್ನುತ್ತಾನೆ, ಪಗಡೆಗೆ ಕರೆಯುತ್ತಾನೆ. ಪಣಕ್ಕಿಡಲು ತೇವನ್ ಹತ್ತಿರ ಕಾಸಿಲ್ಲ. ಹಾಗಾದರೆ ನಿನ್ನ ಹೊತ್ತನ್ನೇ ಇಡು ಎನ್ನುತ್ತಾನೆ ಒಡೆಯ. ತೇವನ್ ಸೋಲುತ್ತಾನೆ. ಅಲ್ಲಿಂದ ಮುಂದೆ ಅವನ ಹಗಲು ರಾತ್ರಿಗಳು ಅವನವಲ್ಲ.

ಇದಕ್ಕೆ ನಮ್ಮಲ್ಲಿ ಜೀತ ಎಂಬ ಹೆಸರಿದೆ. ಶೆಟ್ಟಿಕೊಪ್ಪದ ಕಡೆಯ ಒಂದು ತೋಟದ ಮನೆಯಲ್ಲಿ ನಮ್ಮಜ್ಜ ಎಷ್ಟು ವರ್ಷ ದುಡಿದರೋ ಅವರಿಗೇ ಗೊತ್ತಿರಲಿಲ್ಲ. ಲೆಕ್ಕದ ಪುಸ್ತಕ ಒಡೆಯರ ಹತ್ತಿರ ಇರುತ್ತಿತ್ತು. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಯಾರೂ ಬೈಯದೆ, ಹೊಡೆಯದೆ, ಉಣ್ಣಲು ಕೊಟ್ಟೇ ಒಬ್ಬ ಮನುಷ್ಯನ ಆಯುಷ್ಯವನ್ನು ಕಿತ್ತುಕೊಳ್ಳುವ ಕ್ರಮ ಅದು. ಅದನ್ನು ದಿಢೀರ್ ದೆವ್ವದ ಸಿನಿಮಾ ತೋರಿಸಲಾರದು. ಅದಕ್ಕೆ ನಿಧಾನವೇ ಬೇಕು.

ಹಾಗೆಂದು ನಿಧಾನವೆಲ್ಲ ನಮ್ಮ ಪರ ಎಂದು ತಿಳಿಯಬೇಕಿಲ್ಲ. ನಮ್ಮದೇ ಸೀಮೆಯ ಉದಾಹರಣೆ ನೋಡೋಣ. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಚಿತ್ರೀಕರಣಗೊಂಡ, ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ'ವನ್ನು (1970) ಯಾರೂ ಭಯದ ಚಿತ್ರ ಎನ್ನುವುದಿಲ್ಲ. ಮೊದಲು ಸೆನ್ಸಾರ್ ತಡೆದು, ಆಮೇಲೆ ಬಿಡುಗಡೆಯಾಗಿ, ರಾಷ್ಟ್ರಪ್ರಶಸ್ತಿ ಪಡೆದ ಗಂಭೀರ ಚಿತ್ರ ಅದು. ಆದರೆ ಅದರ ಕಟ್ಟಡ ಗಮನಿಸಿ: ಸಾಯುವ ಇಲಿಗಳು, ಉಪವಾಸದ ಮನೆಗಳು, ಕೊಳೆಯುತ್ತಿರುವ ನಾರಣಪ್ಪನ ಹೆಣ. ದಹನ ಯಾರು ಮಾಡಬೇಕೆಂದು ಪ್ರಾಣೇಶಾಚಾರ್ಯರು ಶಾಸ್ತ್ರದ ಪುಟ ತಿರುವುತ್ತಾರೆ, ಅಗ್ರಹಾರ ಕಾಯುತ್ತದೆ. ದಿಗಿಲು ಹುಟ್ಟುವುದು ಈ ಕಾಯುವಿಕೆಯಿಂದಲೇ. ಕೊನೆಗೆ ಹೆಣ ಸುಡುವುದು ಶಾಸ್ತ್ರದ ಹೊರಗಿನವಳಾದ ಚಂದ್ರಿ, ಒಬ್ಬ ಮುಸಲ್ಮಾನನ ನೆರವಿನಿಂದ.

ಅನಂತಮೂರ್ತಿಯವರ ಮೂಲ ಕಾದಂಬರಿಯಲ್ಲಿ (1965) ಪ್ಲೇಗು ಹೊಲೆಯರ ಕೇರಿಗೂ ಬರುತ್ತದೆ. ಅಲ್ಲಿ ಸತ್ತವರನ್ನು ಗುಡಿಸಲ ಸಮೇತ ಸುಡಲಾಗುತ್ತದೆ. ಒಂದು ಹೆಣಕ್ಕೆ ಇಡೀ ಕೃತಿ ತಲ್ಲಣಿಸಿದರೆ ಉಳಿದ ಹೆಣಗಳು ಕೆಲವೇ ಸಾಲುಗಳಲ್ಲಿ ಬೂದಿ. ಕಾಯಲು ಕೇರಿಗೆ ಪುರುಸೊತ್ತಿಲ್ಲ, ಕೇರಿಗಾಗಿ ಕಾಯಲು ಕಾದಂಬರಿಗೂ ಪುರುಸೊತ್ತಿಲ್ಲ. ಯಾರ ಸಾವಿಗೆ ನಿಧಾನ ಒದಗುತ್ತದೆ ಎಂಬುದು ಶಿಲ್ಪದ ಪ್ರಶ್ನೆಯಷ್ಟೇ ಅಲ್ಲ, ಜಾತಿಯ ಪ್ರಶ್ನೆ ಕೂಡ.

ಇಂಥ ಚಿತ್ರಗಳ ಆಕರ್ಷಣೆಯಲ್ಲಿ ಇನ್ನೊಂದು ಅಪಾಯವಿದೆ. 'ಅದೆಲ್ಲ ಆಗಿನ ಕಾಲದ್ದು' ಎಂಬ ನೆಮ್ಮದಿ. ಮುನ್ನೂರು ನಾನೂರು ವರ್ಷದ ಹಿಂದಿನ ಒಡೆಯನನ್ನು ನೋಡಿ ಹೆದರಿ, ಮನೆಗೆ ಬಂದು ಹಾಯಾಗಿ ಮಲಗಬಹುದು. ಆದರೆ 'ಭ್ರಮಯುಗಂ' ತೆರೆಗೆ ಬರುವ ಮೊದಲೇ, ಪೋಟ್ಟಿಯ ಹೆಸರಿನಿಂದ ತಮ್ಮ ಮನೆತನದ ಮರ್ಯಾದೆ ಹೋಗುತ್ತದೆಂದು ಒಂದು ಕುಟುಂಬ ಕೇರಳ ಹೈಕೋರ್ಟಿಗೆ ಹೋಯಿತು, ಹೆಸರನ್ನು ಬದಲಿಸಲಾಯಿತು. ಹಳೆಯ ಮನೆಯ ಮರ್ಯಾದೆಗೆ ಇವತ್ತೂ ಜೀವವಿದೆ ಎಂದಾಯಿತು. ಗುಡಿಸಲ ಬೆಂಕಿಯೂ ಆರಿಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ದಲಿತರನ್ನು ಸಜೀವ ಸುಟ್ಟದ್ದು 2000ದಲ್ಲಿ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅಲ್ಲಿ ಸ್ಟೇಷನ್ನೂ ಇತ್ತು, ಕಾಯ್ದೆಯೂ ಇತ್ತು.

ಆದ್ದರಿಂದ ಇಂಥ ಚಿತ್ರಗಳನ್ನು ನೋಡುವುದು ಬೇಡ ಎನ್ನುತ್ತಿಲ್ಲ. ಗೆಳೆಯರು ಹಾಸ್ಟೆಲುಗಳಲ್ಲಿ, ಸಂಘಟನೆಯ ಶಿಬಿರಗಳಲ್ಲಿ ಇವನ್ನು ತೋರಿಸಲಿ. ತೋರಿಸಿದ ಮೇಲೆ ಕೆಲವು ಪ್ರಶ್ನೆ ಕೇಳಲಿ: ಇಲ್ಲಿ ಕಾಯುತ್ತಿರುವವರು ಯಾರು? ಯಾರ ಹೊತ್ತು ಖರ್ಚಾಗುತ್ತಿದೆ? ಕ್ಯಾಮೆರಾ ಹೆಬ್ಬಾಗಿಲ ಒಳಗಿದೆಯೋ, ಅಂಗಳದಾಚೆ ನಿಂತಿದೆಯೋ? ಮಲೆನಾಡಿನ ಲೈನ್ ಮನೆಗಳ ಒಳಗಿಂದ, ಅಷ್ಟೇ ನಿಧಾನವಾಗಿ, ಒಡೆಯರ ಲೆಕ್ಕದ ಪುಸ್ತಕವನ್ನು ನೋಡುವ ಚಿತ್ರವೊಂದು ಕನ್ನಡಕ್ಕೆ ಬೇಕು. ಅದನ್ನು ಬರೆಯಬೇಕಾದವರು ಬಹುಶಃ ಈ ಪುಟಗಳನ್ನು ಓದುತ್ತಿರುವವರ ನಡುವೆಯೇ ಇದ್ದಾರೆ.