ಕತ್ತಲೆ ಯಾರ ಪಾಲಿಗೆ?

ಸಂಜೆ ಏಳೂವರೆಯಾಗುತ್ತಿದ್ದಂತೆ ಮೇಜಿನ ಮೇಲಿನ ಕಪ್ಪು ಟೆಲಿಫೋನು ಹೊಡೆದುಕೊಳ್ಳುತ್ತಿತ್ತು. ಆ ಕಡೆಯಿಂದ ಬರುತ್ತಿದ್ದುದು ಎರಡೇ ಮಾತು: ಇಷ್ಟು ಮೆಗಾವಾಟ್ ಇಳಿಸಿ, ಇಳಿಸಿದ ಮೇಲೆ ತಿಳಿಸಿ. 1980ರ ದಶಕದ ಮಧ್ಯಭಾಗ. ನಾನಾಗ ಬಯಲುಸೀಮೆಯ ವಿದ್ಯುತ್ ಸ್ವೀಕರಣಾ ಕೇಂದ್ರವೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ ಕಿರಿಯ ಎಂಜಿನಿಯರ್. ರಾಯಚೂರಿನ ಶಾಖೋತ್ಪನ್ನ ಕೇಂದ್ರ 1985ರಲ್ಲಿ ಆಗಷ್ಟೇ ಕಣ್ಣು ಬಿಟ್ಟಿತ್ತು; ರಾಜ್ಯದ ಬೆಳಕೆಲ್ಲ ಬಹುಮಟ್ಟಿಗೆ ಶರಾವತಿ, ಕಾಳಿ ನದಿಗಳ ನೀರನ್ನೇ ನಂಬಿಕೊಂಡಿತ್ತು. ಮಳೆ ಕೈಕೊಟ್ಟ ವರ್ಷ ಆ ಟೆಲಿಫೋನಿಗೆ ಬಿಡುವೇ ಇರುತ್ತಿರಲಿಲ್ಲ.

ಎಷ್ಟು ಇಳಿಸಬೇಕೆಂದು ಆದೇಶದಲ್ಲಿ ಇರುತ್ತಿತ್ತು. ಯಾರದನ್ನು ಇಳಿಸಬೇಕೆಂದು ಬಹುತೇಕ ಸಲ ಇರುತ್ತಿರಲಿಲ್ಲ. ನಮ್ಮ ಕೇಂದ್ರದಿಂದ ಹೊರಡುತ್ತಿದ್ದ ಫೀಡರುಗಳಲ್ಲಿ ಒಂದು ಪೇಟೆಗೆ ಹೋಗುತ್ತಿತ್ತು. ಅದರಲ್ಲಿ ಆಸ್ಪತ್ರೆ, ಕಚೇರಿಗಳು, ಅಧಿಕಾರಿಗಳ ಮನೆಗಳು, ಒಂದು ಚಿತ್ರಮಂದಿರ ಎಲ್ಲ ಇದ್ದವು. ಉಳಿದವು ಹಳ್ಳಿಗಳಿಗೆ. ಪೇಟೆಯ ಫೀಡರ್ ತೆಗೆದರೆ ಐದು ನಿಮಿಷದಲ್ಲಿ ನನ್ನ ಮೇಲಿನವರಿಗೆ ದೂರು ಹೋಗುತ್ತಿತ್ತು. ಹಳ್ಳಿಯದನ್ನು ತೆಗೆದರೆ ಯಾರೂ ಕೇಳುತ್ತಿರಲಿಲ್ಲ. ಹೀಗಾಗಿ ನಾನು ಯಾವುದನ್ನು ತೆಗೆಯುತ್ತಿದ್ದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ಮಾತ್ರ, ನಾಲ್ಕಾರು ಮೈಲಿ ನಡೆದು ಬಂದ ಮುದುಕರೊಬ್ಬರು ಬಾಗಿಲಲ್ಲಿ ನಿಂತು, ನಮ್ಮೂರಿನ ಸ್ವಿಚ್ಚು ಯಾವುದಪ್ಪಾ, ಒಂದು ಸಲ ನೋಡಬೇಕಿತ್ತು ಎಂದರು. ತೋರಿಸಿದೆ. ಅದನ್ನು ನೋಡಿಕೊಂಡು, ಮರುಮಾತಿಲ್ಲದೆ ಹೊರಟುಹೋದರು.

ವಿದ್ಯುತ್ತಿನ ವ್ಯವಹಾರದಲ್ಲಿ ಒಂದು ವಿಚಿತ್ರವುಂಟು. ಅಕ್ಕಿಯನ್ನಾದರೆ ಕಣಜದಲ್ಲಿ ತುಂಬಿಡಬಹುದು. ವಿದ್ಯುತ್ತನ್ನು ಬೇಕಾದ ಗಾತ್ರದಲ್ಲಿ ಕೂಡಿಡುವುದು ಈ ಬ್ಯಾಟರಿಗಳ ಕಾಲದಲ್ಲಿಯೂ ದುಬಾರಿ ಕೆಲಸವೇ. ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣವೂ ಸಮನಾಗಿರಬೇಕು. ತಕ್ಕಡಿ ತೂಗುತ್ತಿದೆಯೇ ಎಂಬುದನ್ನು ಸೆಕೆಂಡಿಗೆ 50 ಆವರ್ತನ ಎಂಬ ಅಂಕಿ ತೋರಿಸುತ್ತದೆ. ಅದು ಕುಸಿಯಲು ಬಿಟ್ಟರೆ, ಅಥವಾ ತಂತಿಮಾರ್ಗಗಳ ಮೇಲೆ ತಾಳಲಾರದ ಹೊರೆ ಹೇರಿದರೆ ಏನಾಗುತ್ತದೆ ಎಂಬುದನ್ನು ದೇಶ 2012ರ ಜುಲೈ 30 ಮತ್ತು 31ರಂದು ಕಂಡಿತು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯದ ಮೂರು ಜಾಲಗಳು ಒಟ್ಟಿಗೆ ಮಲಗಿ, 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಕತ್ತಲಲ್ಲಿ ಮುಳುಗಿತು. ದಕ್ಷಿಣದ ಜಾಲ ಆಗಿನ್ನೂ ಬೇರೆಯಾಗಿದ್ದುದರಿಂದ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗ ಚಾಲನೆಗೊಂಡ ಮೇಲೆ ನಾವೂ ಆ ಒಂದೇ ತಕ್ಕಡಿಯಲ್ಲಿ ಕುಳಿತಿದ್ದೇವೆ.

ಕೊರತೆ ಬಂದಾಗ ಬೇಡಿಕೆಯನ್ನು ಇಳಿಸಲೇಬೇಕು, ಅದರಲ್ಲಿ ಚರ್ಚೆಯಿಲ್ಲ. ಯಾರ ಬೇಡಿಕೆಯನ್ನು, ಯಾವ ರೀತಿಯಲ್ಲಿ, ಯಾರ ಒಪ್ಪಿಗೆ ಪಡೆದು ಎಂಬಲ್ಲಿ ಚರ್ಚೆಯಿದೆ. ನನ್ನ ಪಾಳಿಯ ದಿನಗಳಿಂದ ಇಲ್ಲಿಯವರೆಗೆ ಈ ವಿಷಯದಲ್ಲಿ ನಾವು ಬಹಳ ದೂರ ಬಂದಿಲ್ಲ. 2023ರಲ್ಲಿ ಬರ ಬಂದಾಗ, ಅಕ್ಟೋಬರಿನಲ್ಲಿ ಪಂಪ್‌ಸೆಟ್ಟುಗಳಿಗೆ ಕೊಡುತ್ತಿದ್ದ ಏಳು ಗಂಟೆಯ ಮೂರು ಫೇಸ್ ವಿದ್ಯುತ್ತು ಐದು ಗಂಟೆಗೆ ಇಳಿಯಿತು. ಅದೇ ತಿಂಗಳು ವಿಜಯಪುರ ಜಿಲ್ಲೆ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ವಿದ್ಯುತ್ ಉಪಕೇಂದ್ರದ ಮುಂದೆ ತಂದು ನಿಲ್ಲಿಸಿದರು. ರಾತ್ರಿ ವೇಳೆ ಕರೆಂಟು ಕೊಟ್ಟರೆ, ನೀರು ಹಾಯಿಸಲು ಹೋದಾಗ ಇಂಥದ್ದು ಕಾಲಿಗೆ ಸಿಕ್ಕರೆ ಗತಿಯೇನು ಎಂಬುದು ಅವರ ಪ್ರಶ್ನೆ. ಪತ್ರಿಕೆಗಳಲ್ಲಿ ಅದು ತಮಾಷೆಯ ಸುದ್ದಿಯಾಗಿ ಹೋಯಿತು. ನನಗೆ ಬಾಗಿಲಲ್ಲಿ ನಿಂತ ಮುದುಕರ ನೆನಪಾಯಿತು.

ಹಳ್ಳಿಯ ಫೀಡರೇ ಮೊದಲು ಬಲಿಯಾಗುವುದಕ್ಕೆ ದುಷ್ಟತನವೇನೂ ಕಾರಣವಲ್ಲ, ಲೆಕ್ಕಾಚಾರ ಕಾರಣ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ತು ಉಚಿತ; ಅದರ ಹಣ ಸರ್ಕಾರದಿಂದ ಸಹಾಯಧನವಾಗಿ ಬರಬೇಕು, ಬಂದಾಗ ಬಂತು. ಬೆಂಗಳೂರಿನ ಗಾಜಿನ ಕಟ್ಟಡವಾದರೆ ಹೆಚ್ಚಿನ ದರವನ್ನು ತಿಂಗಳು ತಿಂಗಳು ತಪ್ಪದೆ ಕಟ್ಟುತ್ತದೆ. ಇಬ್ಬರಲ್ಲಿ ಯಾರ ಮಾರಾಟ ನಿಲ್ಲಿಸಿದರೆ ಕಂಪನಿಗೆ ನಷ್ಟವೆಂಬುದು ಯಾವ ಲೆಕ್ಕಿಗನಿಗಾದರೂ ತಿಳಿಯುತ್ತದೆ. ಹೆಚ್ಚು ತೆರುವವನು ನಮ್ಮನ್ನೇಕೆ ಮುಟ್ಟುತ್ತೀರಿ ಎಂದು ಕೇಳುವುದರಲ್ಲಿಯೂ ನ್ಯಾಯವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವನನ್ನು ಕತ್ತಲಲ್ಲಿಡಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ.

ಬೇರೊಂದು ದಾರಿಯಿದೆ ಎಂಬುದು ನನಗೆ ಮೊದಲು ತಿಳಿದದ್ದು ಕ್ಯಾಲಿಫೋರ್ನಿಯದ ಅನುಭವವನ್ನು ಓದಿದಾಗ. 2000 ಮತ್ತು 2001ರಲ್ಲಿ ಆ ಶ್ರೀಮಂತ ರಾಜ್ಯ ನಮ್ಮಂತೆಯೇ ಸರದಿಯ ಮೇಲೆ ಕತ್ತಲೆ ಅನುಭವಿಸಿತು. ಎನ್ರಾನ್‌ನಂಥ ವ್ಯಾಪಾರಿಗಳ ಕೈಚಳಕದಿಂದ ಆ ಕೊರತೆಯ ಒಂದು ಭಾಗ ಹುಟ್ಟಿಸಿದ ಕೊರತೆಯಾಗಿತ್ತು ಎಂಬುದು ಬೇರೆ ಕಥೆ. ಆ ಪೆಟ್ಟು ತಿಂದ ಮೇಲೆ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಮೇರಿ ಆನ್ ಪಿಯೆಟ್ ಮತ್ತು ಸಂಗಡಿಗರು ಒಂದು ಸರಳ ಪ್ರಶ್ನೆ ಹಾಕಿಕೊಂಡರು: ಕಟ್ಟಡಗಳು ತಾವಾಗಿಯೇ ಸ್ವಲ್ಪ ಕಡಿಮೆ ಬಳಸುವಂತೆ, ನಡುವೆ ಯಾರೂ ಟೆಲಿಫೋನು ಎತ್ತದಂತೆ ಮಾಡಲಾದೀತೇ? 2003ರಲ್ಲಿ ಐದು ಕಡೆ ಪರೀಕ್ಷೆ ನಡೆಯಿತು. ಒಂದು ದಿನಸಿ ಮಳಿಗೆ, ಒಂದು ಬ್ಯಾಂಕಿನ ಕಚೇರಿ, ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ಅವುಗಳಲ್ಲಿದ್ದವು. ವಿದ್ಯುತ್ತಿನ ಬೆಲೆ ಏರಿತೆಂಬ ಕಾಲ್ಪನಿಕ ಸಂದೇಶವನ್ನು ಅಂತರ್ಜಾಲದ ಮೂಲಕ ಕಳುಹಿಸಲಾಯಿತು. ಕಟ್ಟಡಗಳ ಗಣಕಗಳು ಅದನ್ನು ಓದಿಕೊಂಡು ತಮ್ಮ ಹೊರೆ ಇಳಿಸಿದವು. ಅಲ್ಲಿಂದ ಬೆಳೆದ ಸಂದೇಶಭಾಷೆಗೆ ಓಪನ್‌ಎಡಿಆರ್ ಎಂದು ಹೆಸರಾಯಿತು. 2018ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು.

ಇದರ ಕಾರ್ಯವಿಧಾನದಲ್ಲಿ ಜಾದೂ ಏನಿಲ್ಲ. ವಿತರಣಾ ಕಂಪನಿಯ ಬಳಿ ಒಂದು ಸರ್ವರ್, ಕಟ್ಟಡದ ಬಳಿ ಒಂದು ಪುಟ್ಟ ಗಣಕ. ನಾಳೆ ಸಂಜೆ ಆರರಿಂದ ಎಂಟರವರೆಗೆ ಹೊರೆ ಇಳಿಸಬೇಕಾದೀತು ಎಂದು ಮೊದಲನೆಯದು ಹೇಳುತ್ತದೆ. ಏನು ಮಾಡಬೇಕೆಂಬುದನ್ನು ಕಟ್ಟಡದ ಯಜಮಾನ ಮೊದಲೇ ಬರೆದಿಟ್ಟಿರುತ್ತಾನೆ. ಇದು ಮುಖ್ಯ. ಕಂಪನಿ ಯಾರ ಸ್ವಿಚ್ಚಿಗೂ ಕೈ ಹಾಕುವುದಿಲ್ಲ.

ದೊಡ್ಡ ಕಟ್ಟಡದೊಳಗೆ ಬಿಟ್ಟುಕೊಡಲು ಎಷ್ಟೊಂದಿದೆ ಎಂಬುದು ಅದನ್ನು ನಡೆಸುವವರಿಗೆ ಗೊತ್ತು. ಹವಾನಿಯಂತ್ರಣದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಆ ಯಂತ್ರದ ಬಳಕೆ ಸುಮಾರು ಶೇ 6ರಷ್ಟು ತಗ್ಗುತ್ತದೆ ಎಂಬುದು ನಮ್ಮ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಗಾಳಿ ನೂಕುವ ದೊಡ್ಡ ಫ್ಯಾನುಗಳ ಗಣಿತ ಇನ್ನೂ ಸೊಗಸು. ಅವುಗಳ ವಿದ್ಯುತ್ ಬಳಕೆ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು ಶೇ 20ರಷ್ಟು ತಗ್ಗಿಸಿದರೆ ಬಳಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಾಂಕ್ರೀಟಿಗೆ ತಂಪನ್ನು ಹಿಡಿದಿಟ್ಟುಕೊಳ್ಳುವ ಗುಣವೂ ಉಂಟು. ಬಿಸಿಲು ಚೆನ್ನಾಗಿದ್ದು ಪಾವಗಡದ 2,050 ಮೆಗಾವಾಟಿನ ಸೌರ ಪಾರ್ಕು ಉಕ್ಕಿ ಹರಿಯುವ ಮಧ್ಯಾಹ್ನದಲ್ಲಿ ಕಟ್ಟಡವನ್ನು ಕೊಂಚ ಹೆಚ್ಚು ತಂಪಾಗಿಸಿ, ಸೂರ್ಯ ಮುಳುಗಿದ ಮೇಲಿನ ಬಿಗಿಯ ಹೊತ್ತಿನಲ್ಲಿ ಯಂತ್ರವನ್ನು ಸಡಿಲ ಬಿಟ್ಟರೆ ಒಳಗಿದ್ದವರಿಗೆ ವ್ಯತ್ಯಾಸವೇ ತಿಳಿಯುವುದು ಕಷ್ಟ. ಹವಾನಿಯಂತ್ರಣದ ಮಾತು ಹೀಗಾದರೆ, ನೀರಿನ ಪಂಪು, ವಿದ್ಯುತ್ ವಾಹನಗಳ ಚಾರ್ಜರುಗಳು ಒಂದು ಗಂಟೆ ಕಾಯಲು ಏನೂ ಅಡ್ಡಿಯಿಲ್ಲ. ಒಂದು ಹಳ್ಳಿ ಪೂರ್ತಿ ಕಳೆದುಕೊಳ್ಳುವುದನ್ನು ನೂರು ಕಟ್ಟಡಗಳು ಹೀಗೆ ಚೂರುಚೂರಾಗಿ ಹಂಚಿಕೊಳ್ಳಬಹುದು.

ಕ್ಯಾಲಿಫೋರ್ನಿಯಕ್ಕೆ ಇದರಿಂದ ಕೊರತೆಯೇನೂ ತಪ್ಪಿಹೋಗಲಿಲ್ಲ; 2020ರ ಆಗಸ್ಟಿನಲ್ಲಿ ಅಲ್ಲಿ ಮತ್ತೆ ಸರದಿ ಕಡಿತವಾಯಿತು. 2022ರ ಸೆಪ್ಟೆಂಬರ್ 6ರಂದು ಬಿಸಿಗಾಳಿಗೆ ಬೇಡಿಕೆ 52,000 ಮೆಗಾವಾಟ್ ದಾಟಿದಾಗ ಸರ್ಕಾರ ಜನರ ಮೊಬೈಲುಗಳಿಗೆ ತುರ್ತು ಸಂದೇಶ ಕಳುಹಿಸಿತು. ಅರ್ಧ ಗಂಟೆಯ ಆಸುಪಾಸಿನಲ್ಲಿ 2,000 ಮೆಗಾವಾಟಿಗೂ ಹೆಚ್ಚು ಬೇಡಿಕೆ ಕುಸಿಯಿತು, ರಾಜ್ಯವ್ಯಾಪಿ ಸರದಿ ಕಡಿತದ ಆದೇಶ ಹೊರಡಲಿಲ್ಲ. ಕೇಳಿದರೆ ಜನ ಕೊಡುತ್ತಾರೆ. ಕೇಳದೆ ತೆಗೆದುಕೊಳ್ಳಹೊರಟರೆ ಕೊಡುವುದಿಲ್ಲವೆಂಬುದಕ್ಕೂ ಅಲ್ಲಿಯೇ ಸಾಕ್ಷಿಯಿದೆ. ಹೊಸ ಮನೆಗಳಲ್ಲಿ ದೂರದಿಂದ ನಿಯಂತ್ರಿಸಬಲ್ಲ ಉಷ್ಣತಾ ನಿಯಂತ್ರಕವನ್ನು ಕಡ್ಡಾಯ ಮಾಡುವ ಪ್ರಸ್ತಾವ 2008ರ ಜನವರಿಯಲ್ಲಿ ಸಾರ್ವಜನಿಕರ ಕೋಪಕ್ಕೆ ಸಿಕ್ಕಿ ವಾಪಸಾಯಿತು. ನಮ್ಮಲ್ಲಿ ಸ್ಮಾರ್ಟ್ ಮೀಟರುಗಳ ಬಗ್ಗೆ ಹುಟ್ಟಿರುವ ಅನುಮಾನಗಳನ್ನು ಅಜ್ಞಾನವೆಂದು ತಳ್ಳಿಹಾಕುವ ಅಧಿಕಾರಿಗಳು ಈ ಪ್ರಸಂಗವನ್ನು ಓದುವುದು ಒಳ್ಳೆಯದು.

ಇದರಲ್ಲಿ ತೊಡಕುಗಳಿಲ್ಲವೆಂದು ಹೇಳಿದರೆ ನಾನು ಮಾರಾಟಗಾರನಾಗಿಬಿಡುತ್ತೇನೆ. ಬಳಸದೇ ಬಿಟ್ಟ ವಿದ್ಯುತ್ತನ್ನು ಅಳೆಯುವ ಮೀಟರು ಲೋಕದಲ್ಲಿಲ್ಲ. ಹಿಂದಿನ ದಿನಗಳ ಬಳಕೆ ನೋಡಿ ಅಂದಾಜು ಮಾಡಬೇಕು. ಜಾಣನಾದವನು ಆ ದಿನಗಳಲ್ಲಿ ಬೇಕೆಂದೇ ಎಲ್ಲ ದೀಪ ಉರಿಸಿ, ಆಮೇಲೆ ಆರಿಸಿದ್ದಕ್ಕೆ ಹಣ ಕೇಳಿಯಾನು. ಎರಡು ಗಂಟೆಯ ನಂತರ ಎಲ್ಲ ಯಂತ್ರಗಳೂ ಒಮ್ಮೆಗೇ ಎದ್ದರೆ ಹೊಸದೊಂದು ಏರಿಕೆ ಹುಟ್ಟುತ್ತದೆ. ಎಲ್ಲಕ್ಕಿಂತ ನನಗೆ ಚಿಂತೆಯಾಗುವುದು ಡೀಸೆಲ್ಲಿನದು. ಬೆಂಗಳೂರಿನ ದೊಡ್ಡ ಕಟ್ಟಡಗಳ ಹಿತ್ತಲಲ್ಲಿ ಜನರೇಟರುಗಳು ಸಾಲಾಗಿ ನಿಂತಿವೆ. ಸಂದೇಶ ಬಂದೊಡನೆ ಜಾಲದಿಂದ ಡೀಸೆಲ್ಲಿಗೆ ಹಾರುವುದನ್ನೂ ಹೊರೆ ಇಳಿಸಿದ್ದೆಂದು ಎಣಿಸಿ ಹಣ ಕೊಟ್ಟರೆ, ಹಳ್ಳಿಯ ಕತ್ತಲೆಯನ್ನು ಪಟ್ಟಣದ ಹೊಗೆಗೆ ಬದಲಾಯಿಸಿಕೊಂಡಂತೆ. ಅದನ್ನು ನಿಯಮದಲ್ಲಿಯೇ ಹೊರಗಿಡಬೇಕು.

ದೇಶದಲ್ಲಿ ಪ್ರಯೋಗಗಳು ನಡೆಯದೆ ಇಲ್ಲ. ಉತ್ತರ ದೆಹಲಿಯಲ್ಲಿ ವಿದ್ಯುತ್ ವಿತರಿಸುವ ಟಾಟಾ ಪವರ್ ಸಂಸ್ಥೆ ಕಳೆದ ದಶಕದಲ್ಲಿಯೇ ದೊಡ್ಡ ಗ್ರಾಹಕರೊಡನೆ ಇಂಥ ಸ್ವಯಂಚಾಲಿತ ವ್ಯವಸ್ಥೆಯನ್ನು ನಡೆಸಿ ನೋಡಿತು. ಕೇಂದ್ರದ 14 ಸ್ಮಾರ್ಟ್ ಗ್ರಿಡ್ ಪ್ರಾಯೋಗಿಕ ಯೋಜನೆಗಳ ಪಟ್ಟಿಯಲ್ಲಿ ಮೈಸೂರಿನ ವಿ.ವಿ. ಮೊಹಲ್ಲಾ ಇತ್ತು, ಏರುಹೊತ್ತಿನ ಹೊರೆಯ ನಿರ್ವಹಣೆ ಅದರ ಉದ್ದೇಶಗಳಲ್ಲೊಂದು. ದಿನದ ವೇಳೆಗೆ ತಕ್ಕಂತೆ ದರ ವಿಧಿಸಬೇಕೆಂದು ಕೇಂದ್ರ 2023ರಲ್ಲಿ ನಿಯಮ ತಿದ್ದಿತು: ಬಿಸಿಲಿನ ಹೊತ್ತಿನಲ್ಲಿ ಅಗ್ಗ, ಏರುಹೊತ್ತಿನಲ್ಲಿ ತುಟ್ಟಿ. ಆದರೆ ದರವೊಂದರಿಂದಲೇ ತಿಂಗಳ ಬಾಡಿಗೆ ಲಕ್ಷಗಟ್ಟಲೆ ಕೊಡುವವನ ಕೈ ಉಷ್ಣತೆಯ ಗುಂಡಿಯ ಕಡೆ ಹೋಗುತ್ತದೆಂದು ನಾನು ನಂಬುವುದಿಲ್ಲ. ಸೌರ ವಿದ್ಯುತ್ತು ಹೆಚ್ಚಿದ ಮೇಲೆ ಪಂಪ್‌ಸೆಟ್ಟುಗಳ ಪೂರೈಕೆಯನ್ನು ಆದಷ್ಟೂ ಹಗಲಿಗೆ ತಂದಾಗ ರೈತನಿಗೆ ಯಾರೂ ದರದ ಆಮಿಷ ಒಡ್ಡಿರಲಿಲ್ಲ. ಫೀಡರನ್ನು ಹಗಲು ಹಾಕಿದರು, ಅವನು ಹಗಲು ನೀರು ಹಾಯಿಸಿದ. ರಾತ್ರಿ ಹಾಕಿದರು, ರಾತ್ರಿ ಹಾಯಿಸಿದ. ಈ ರಾಜ್ಯದ ಜಾಲಕ್ಕೆ ತನ್ನ ದಿನಚರಿಯನ್ನು ಹೊಂದಿಸಿಕೊಂಡು ಬಂದವನು ಅವನೇ. ಒಂದು ಮೆಗಾವಾಟಿಗಿಂತ ಹೆಚ್ಚಿನ ಸಂಪರ್ಕ ಕೇಳುವ ಪ್ರತಿ ಹೊಸ ಕಟ್ಟಡವೂ ತನ್ನ ಹೊರೆಯಲ್ಲಿ ಒಂದು ಪಾಲನ್ನು ಸಂದೇಶಕ್ಕೆ ಇಳಿಯಬಲ್ಲ ಹೊರೆಯೆಂದು ಕರಾರಿನಲ್ಲಿ ಘೋಷಿಸಲಿ, ಇಳಿಸಿದಾಗ ಹಣ ಪಡೆಯಲಿ, ಆ ಪಾಲು ಬಳಕೆಯಾಗುವವರೆಗೆ ಹಳ್ಳಿಯ ಫೀಡರನ್ನು ಮುಟ್ಟುವಂತಿಲ್ಲ ಎಂದು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ವಿಧಿಸಲಿ ಎಂಬುದು ನನ್ನ ಸಲಹೆ.

ಕಳೆದ ಬೇಸಿಗೆಯಲ್ಲಿ ಬಂಧುವೊಬ್ಬರ ಮಗಳನ್ನು ಕಾಣಲು ಬೆಂಗಳೂರಿನ ಹೊರವರ್ತುಲ ರಸ್ತೆಯ ಬಳಿಯ ಅವಳ ಕಚೇರಿಗೆ ಹೋಗಿದ್ದೆ. ಹಳೆಯ ಚಟ, ನೆಲಮಾಳಿಗೆಯ ನಿಯಂತ್ರಣ ಕೊಠಡಿಯನ್ನು ನೋಡಬಹುದೇ ಎಂದು ಕೇಳಿದೆ. ಅಲ್ಲಿದ್ದ ತರುಣ ಎಂಜಿನಿಯರ್ ಸಂತೋಷದಿಂದ ಪರದೆಯ ಮೇಲೆ ಎಲ್ಲವನ್ನೂ ತೋರಿಸಿದ. ಹದಿಮೂರು ಅಂತಸ್ತಿನ ಪ್ರತಿ ಮೂಲೆಯ ಉಷ್ಣತೆ, ಪ್ರತಿ ಫ್ಯಾನಿನ ವೇಗ ಅಲ್ಲಿ ಕಾಣುತ್ತಿತ್ತು. ಮೇಲಿನ ನಾಲ್ಕು ಅಂತಸ್ತುಗಳನ್ನು 22ರಿಂದ 24 ಡಿಗ್ರಿಗೆ ಏರಿಸಿ ಒಂದು ಗಂಟೆ ನೋಡೋಣವೇ ಎಂದೆ. ಮೇಲಧಿಕಾರಿಯನ್ನು ಕೇಳಿಕೊಂಡು ಬಂದು ಏರಿಸಿದ. ಕಾಫಿ ತರಿಸಿದ. ಪರದೆಯ ಮೇಲಿನ ಗೆರೆ ನಿಧಾನವಾಗಿ ಇಳಿಯುತ್ತ ಹೋಯಿತು. ಗಂಟೆ ಕಳೆಯುವವರೆಗೂ ದೂರಿನ ಕರೆ ಒಂದೂ ಬರಲಿಲ್ಲ.

ವಿದ್ಯುತ್ ಕಂಪನಿಯವರು ಎಂದಾದರೂ ಹೀಗೆ ಇಳಿಸಿಕೊಡಿ ಎಂದು ಕೇಳಿದ್ದಾರೆಯೇ ಎಂದು ವಿಚಾರಿಸಿದೆ. ಐದು ವರ್ಷದಿಂದ ಇಲ್ಲಿದ್ದೇನೆ, ಯಾರೂ ಕೇಳಿಲ್ಲ ಸಾರ್ ಎಂದ.