ತೊಗರಿಯ ತಳಿಭೇದ ಮತ್ತು ಇಳುವರಿ

ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಕಪ್ಪು ನೆಲದಲ್ಲಿ ಬೆಳೆಯುವ ತೊಗರಿ ಕಲಬುರಗಿಯ ದಾಲ್ ಮಿಲ್ಲುಗಳಿಗೆ ಆಧಾರವಾಗಿದೆ. ಈ ಭಾಗದ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆತಿದೆ. ಮಾರುಕಟ್ಟೆಗೆ ಬರುವ ಕಾಳಿನ ಪ್ರಮಾಣ ಮತ್ತು ಗುಣಮಟ್ಟ ಮಳೆಯನ್ನಷ್ಟೇ ಅಲ್ಲದೆ, ಬಿತ್ತಿದ ತಳಿಯನ್ನೂ ಅವಲಂಬಿಸಿರುತ್ತವೆ.

ಇಳುವರಿಯೆಂಬುದು ಒಂದೇ ಗುಣವಲ್ಲ. ಗಿಡದ ಕೊಂಬೆಗಳು, ಕಾಯಿಗಳ ಸಂಖ್ಯೆ, ಕಾಯಿಯೊಳಗಿನ ಕಾಳುಗಳು, ಕಾಳಿನ ತೂಕ ಮತ್ತು ಮಾಗುವ ಅವಧಿ ಸೇರಿ ಅದನ್ನು ನಿರ್ಧರಿಸುತ್ತವೆ. ಇವುಗಳಲ್ಲಿ ಕಾಳಿನ ತೂಕ ಬಹುಮಟ್ಟಿಗೆ ಅನುವಂಶಿಕವಾದುದರಿಂದ ಆಯ್ಕೆಗೆ ಸುಲಭವಾಗಿ ಒದಗುತ್ತದೆ. ಕಾಯಿಗಳ ಸಂಖ್ಯೆಯಾದರೋ ಮಳೆ, ನೆಲ ಹಾಗೂ ಬಿತ್ತನೆಯ ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಆದುದರಿಂದಲೇ ತಳಿತಜ್ಞರು ಒಂದು ವರ್ಷದ ಫಸಲನ್ನು ನಂಬದೆ, ಹಲವು ಸ್ಥಳಗಳಲ್ಲಿ ಹಲವು ವರ್ಷ ಪರೀಕ್ಷಿಸುತ್ತಾರೆ.

ಇಳುವರಿಗೆ ದೊಡ್ಡ ಕಂಟಕ ನೆಟೆ ರೋಗ. ಇದರ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ನಿರೋಧಕ ತಳಿಯೇ ಮುಖ್ಯ ರಕ್ಷಣೆ. ಹೈದರಾಬಾದ್ ಸಮೀಪದ ಇಕ್ರಿಸ್ಯಾಟ್ ಸಂಸ್ಥೆಯು ನಾಡತಳಿಯೊಂದರಿಂದ ಆಯ್ದ ಐ.ಸಿ.ಪಿ. 8863, 'ಮಾರುತಿ' ಎಂಬ ಹೆಸರಿನಲ್ಲಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಅದು ನೆಟೆಯನ್ನು ತಡೆಯಿತಾದರೂ ಗೊಡ್ಡು ರೋಗಕ್ಕೆ ತುತ್ತಾಗುತ್ತಿತ್ತು. 1993ರಲ್ಲಿ ಬಂದ 'ಆಶಾ' ಎರಡನ್ನೂ ತಾಳಿಕೊಂಡಿತು. ಆದರೆ ಅದು ಮಾಗಲು ಹೆಚ್ಚು ದಿನ ಬೇಕು. ಅನಂತರ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿ.ಎಸ್.-3ಆರ್ ಮತ್ತು ಜಿ.ಆರ್.ಜಿ.-811 ತಳಿಗಳು ಬಂದವು. ಹೀಗಿದ್ದೂ 2022-23ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿ ನೆಟೆಯಿಂದ ವ್ಯಾಪಕವಾಗಿ ಒಣಗಿತು. ಒಂದೇ ತಳಿ ಎಲ್ಲೆಡೆ ಹಬ್ಬಿದರೆ ಅಪಾಯವೂ ಎಲ್ಲೆಡೆ ಹಬ್ಬುತ್ತದೆ.

ಹೊಸ ತಳಿಗೆ ಮೂಲ ಬಂಡವಾಳ ತಳಿಭೇದವೇ. ಆಶಾ ತಳಿಯ ವಂಶವಾಹಿಗಳ ಕರಡು ನಕ್ಷೆ 2011ರಲ್ಲಿ ಪ್ರಕಟವಾದ ಮೇಲೆ ಬೇಕಾದ ಗುಣಗಳನ್ನು ಗುರುತಿಸುವುದು ಸುಲಭವಾಯಿತು. ಆದರೆ ಕೃಷಿಯಲ್ಲಿರುವ ತೊಗರಿಯಲ್ಲಿ ಈ ಭೇದ ಅದರ ಕಾಡು ಸಂಬಂಧಿಗಳಲ್ಲಿರುವುದಕ್ಕಿಂತ ಬಹಳ ಕಡಿಮೆ. ಆದಕಾರಣ ನಾಡತಳಿಗಳನ್ನೂ ಕಾಡುತಳಿಗಳನ್ನೂ ಕಾಪಾಡುವುದು ಅಗತ್ಯ.

ಆದರೆ ಹೊಲದಲ್ಲಿ ಬೇಕಾದ ವೈವಿಧ್ಯ ಒಂದೇ ಚೀಲದಲ್ಲಿ ಬೆರೆತರೆ ನಷ್ಟ. ಜೇನುನೊಣಗಳು ತೊಗರಿಯಲ್ಲಿ ಪರಾಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದರಿಂದ, ಮನೆಯ ಬೀಜವನ್ನೇ ಪದೇ ಪದೇ ಬಿತ್ತಿದರೆ ತಳಿ ಬೆರಕೆಯಾಗುತ್ತದೆ. ಬೆರಕೆ ಮಾಲು ಮಿಲ್ಲಿಗೆ ಬಂದಾಗ ಸಣ್ಣ ಕಾಳು ಸಿಪ್ಪೆ ಬಿಡದೆ ಉಳಿಯುತ್ತದೆ, ದಪ್ಪ ಕಾಳು ನುಚ್ಚಾಗುತ್ತದೆ. ವರ್ತಕರು ತಳಿವಾರು ಮಾಲನ್ನು ಬೇರೆಯಾಗಿ ಕೊಂಡು, ಶುದ್ಧ ಮಾಲಿಗೆ ತಕ್ಕ ದರ ನೀಡಿದಲ್ಲಿ ರೈತರು ಪ್ರಮಾಣಿತ ಬೀಜದತ್ತ ಒಲಿಯುವರು. ಮಿಲ್ಲುಗಳಿಗೂ ಬೇಳೆಯ ಉತ್ಪತ್ತಿ ಹೆಚ್ಚುವುದು.