ನಾಲ್ಕು ಗಾಲಿ, ಮೂರು ಆಧಾರ

ಮಳೆಗಾಲ ಕಳೆದ ಮೇಲೆ ಹಾನಗಲ್ಲಿನ ಗದ್ದೆಗಳ ನಡುವಣ ದಾರಿಯಲ್ಲಿ ಹೊರಟ ಚಕ್ಕಡಿಯನ್ನು ಕಂಡವರಿಗೆ ಒಂದು ಸಂಗತಿ ತಿಳಿದಿರಬೇಕು. ಒಂದು ಗಾಲಿ ಕೊರಕಲಿಗೆ ಇಳಿಯುತ್ತದೆ, ಇನ್ನೊಂದು ಕಲ್ಲನ್ನೇರುತ್ತದೆ. ಬಂಡಿ ವಾಲುತ್ತದೆ, ನರಳುತ್ತದೆ. ಆದರೂ ಮೆಲ್ಲನೆ ಸಾಗುವ ಆ ಬಂಡಿಯ ಗಾಲಿಗಳೆರಡೂ ನೆಲವನ್ನು ಬಿಡುವುದಿಲ್ಲ. ಕಾರಣ ಸರಳವಾದುದು. ಚಕ್ಕಡಿಯ ಭಾರ ಊರಿಕೊಂಡಿರುವುದು ಮೂರೇ ಕಡೆ: ಎರಡು ಗಾಲಿಗಳ ಮೇಲೆ ಮತ್ತು ನೊಗಕ್ಕೆ ಕಟ್ಟಿದ ಮುಂಬದಿಯ ಮೇಲೆ. ಮೂರು ಕಲ್ಲಿನ ಒಲೆಯ ಮೇಲಿಟ್ಟ ಗಡಿಗೆ ಅಲುಗುವುದಿಲ್ಲ. ನಾಲ್ಕು ಕಾಲಿನ ಮಂಚವಾದರೋ ತಗ್ಗುದಿಣ್ಣೆಯ ನೆಲದಲ್ಲಿ ಕುಂಟುತ್ತದೆ. ಅಂಗೈಯಗಲದ ಒಂದು ಆಟದ ರೈಲುಡಬ್ಬಿಯನ್ನು ಹಳಿಯ ಮೇಲೆ ನಿಲ್ಲಿಸುವ ವಿದ್ಯೆಗೂ ಇದೇ ತಿಳಿವಳಿಕೆ ಮೂಲವೆಂದರೆ ಹಲವರಿಗೆ ಆಶ್ಚರ್ಯವಾದೀತು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು—ಈ ನಾಲ್ಕು ಪಟ್ಟಣಗಳಲ್ಲಿ ಒಂದಕ್ಕೂ ಊರೊಳಗೆ ರೈಲು ನಿಲ್ದಾಣವಿಲ್ಲ. ಗಾಡಿ ಹಿಡಿಯಬೇಕಾದವರು ಯಲವಿಗಿಗೋ ಹಾವೇರಿಗೋ ಬ್ಯಾಡಗಿಗೋ ರಾಣೆಬೆನ್ನೂರಿಗೋ ಹೋಗಬೇಕು. ಸದರನ್ ಮರಾಠಾ ರೈಲ್ವೆಯವರು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹಾಕಿದ ಆ ಹಾದಿ ಮೊದಲು ಮೀಟರ್ ಗೇಜಿನದು. 1990ರ ದಶಕದಲ್ಲಿ ಅದನ್ನು 1,676 ಮಿಲಿಮೀಟರ್ ಅಂತರದ ಬ್ರಾಡ್ ಗೇಜಿಗೆ ಪರಿವರ್ತಿಸಲಾಯಿತು. ಹತ್ತಿಯನ್ನೂ ಮೆಣಸಿನಕಾಯಿಯನ್ನೂ ಹೊತ್ತು ಸಾಗುತ್ತಿದ್ದ ನಾಲ್ಕು ಗಾಲಿಯ ಚಿಕ್ಕ ಗೂಡ್ಸ್ ಡಬ್ಬಿಗಳು ಅದರೊಂದಿಗೆ ಆ ಹಾದಿಯಿಂದ ಮರೆಯಾದವು. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನುಗಳನ್ನೇನೋ ನೋಡಬಹುದು. ಆದರೆ ಅಜ್ಜನು ಬಾಲ್ಯದಲ್ಲಿ ಕಂಡ ಆ ಡಬ್ಬಿಗಳು ಸಾಲಾಗಿ ಓಡುವುದನ್ನು ಮೊಮ್ಮಗನಿಗೆ ತೋರಿಸಬೇಕಾದರೆ, ಮನೆಯಲ್ಲಿಯೇ ಅವುಗಳ ಮಾದರಿಯನ್ನು ಕಟ್ಟುವುದೊಂದೇ ಉಳಿದ ದಾರಿ.

ಮಾದರಿಯ ಕಿಟ್ ಅಂಚೆಯಲ್ಲಿ ಬರುತ್ತದೆ. ಅಜ್ಜ ಮೊಮ್ಮಕ್ಕಳು ಕೂಡಿ ಅದನ್ನು ಅಂಟಿಸುತ್ತಾರೆ, ಬಣ್ಣ ಬಳಿಯುತ್ತಾರೆ. ಮೊದಲನೆಯ ತಿರುವಿನಲ್ಲಿಯೇ ಡಬ್ಬಿ ಹಳಿ ತಪ್ಪಿ ಮಗುಚುತ್ತದೆ! ತಪ್ಪು ಅಂಟಿನದಲ್ಲ, ಬಣ್ಣದ್ದೂ ಅಲ್ಲ. ಅಚ್ಚುಗಳನ್ನು ಕೂರಿಸಿದ ರೀತಿಯದು.

1:87ರ ಪ್ರಮಾಣದಲ್ಲಿ ಮೀಟರ್ ಗೇಜಿನ ಎರಡು ಹಳಿಗಳ ಅಂತರ ಸುಮಾರು 11.5 ಮಿಲಿಮೀಟರ್, ಸಿದ್ಧವಾಗಿ ದೊರೆಯುವ 12 ಮಿಲಿಮೀಟರಿನ ಹಳಿ ಅದಕ್ಕೆ ಒದಗುತ್ತದೆ. ಗಾಲಿಯನ್ನು ಹಳಿಯ ಮೇಲೆ ತಡೆದು ನಿಲ್ಲಿಸುವ ಒಳ ಅಂಚಿನ ಏಣಿನ ಎತ್ತರವಾದರೋ ಒಂದು ಮಿಲಿಮೀಟರಿಗೂ ಕಡಿಮೆ. ಹಳಿಯ ಒಂದು ಬದಿ ಕಾಗದದ ಕೆಲವು ಹಾಳೆಗಳಷ್ಟು ತಗ್ಗಿದರೂ ಸಾಕು, ಅಲುಗದಂತೆ ಬಿಗಿದ ನಾಲ್ಕು ಗಾಲಿಗಳಲ್ಲಿ ಒಂದು ಮೇಲೇಳುತ್ತದೆ, ಏಣು ಹಿಡಿತ ತಪ್ಪುತ್ತದೆ. ನಿಜವಾದ ರೈಲಿನಲ್ಲಿ ಈ ಅಪಾಯವನ್ನು ತಡೆಯುವುದಕ್ಕಾಗಿಯೇ ಅಚ್ಚಿನ ಪೆಟ್ಟಿಗೆಯ ಮೇಲೆ ಉಕ್ಕಿನ ಕಮಾನುಪಟ್ಟಿಗಳನ್ನು ಇಡುತ್ತಾರೆ.

ಮಾದರಿ ಕಟ್ಟುವವರ ಮುಂದೆ ಮೂರು ದಾರಿಗಳುಂಟು. ಮೊದಲನೆಯದು, ಎರಡು ಅಚ್ಚುಗಳನ್ನೂ ಬಿಗಿಯಾಗಿಯೇ ಕೂರಿಸುವುದು. ಹಳಿ ಗಾಜಿನಂತೆ ಸಮನಾಗಿದ್ದು ಏಣು ತುಸು ಎತ್ತರವಾಗಿದ್ದರೆ ಇದು ಸಾಕು, ಖರ್ಚೂ ಕಡಿಮೆ. ಎರಡನೆಯದು ಚಕ್ಕಡಿಯ ಉಪಾಯ. ಒಂದು ಅಚ್ಚನ್ನು ಬಿಗಿಯಾಗಿರಿಸಿ, ಇನ್ನೊಂದನ್ನು ಹಿತ್ತಾಳೆಯ ತಗಡಿನ ಪುಟ್ಟ ತೊಟ್ಟಿಲಲ್ಲಿ ಕೂರಿಸುತ್ತಾರೆ. ಆ ತೊಟ್ಟಿಲು ಡಬ್ಬಿಯ ನಡುಗೆರೆಯ ಮೇಲಿರುವ ಒಂದು ಕೀಲಿನಲ್ಲಿ ಎಡಬಲಕ್ಕೆ ತೂಗುತ್ತದೆ. ಆಗ ಡಬ್ಬಿಯ ಭಾರ ಬಿಗಿಯಾದ ಅಚ್ಚಿನ ಎರಡು ತುದಿ ಹಾಗೂ ಈ ಕೀಲು, ಹೀಗೆ ಮೂರೇ ಕಡೆ ನಿಲ್ಲುತ್ತದೆ. ನಾಲ್ಕು ಗಾಲಿಗಳೂ ಹಳಿಯನ್ನು ಮುಟ್ಟಿರುತ್ತವೆ. ಉತ್ಸಾಹದಿಂದ ಎರಡು ಬದಿಗೂ ತೊಟ್ಟಿಲು ಕಟ್ಟಿದರೆ ಮಾತ್ರ ಡಬ್ಬಿ ಪಕ್ಕಕ್ಕೆ ವಾಲಿಬಿಡುತ್ತದೆ. ಮೂರನೆಯದು, ನಾಲ್ಕು ಅಚ್ಚುತುದಿಗಳನ್ನೂ ತೆಳುವಾದ ಉಕ್ಕಿನ ತಂತಿಯ ಮೇಲೆ ಕೂರಿಸುವುದು. ಸುಮಾರು ಕಾಲು ಮಿಲಿಮೀಟರ್ ದಪ್ಪದ ಗಿಟಾರಿನ ತಂತಿಯನ್ನು ಇದಕ್ಕೆ ಬಳಸುವುದುಂಟು. ಇದರ ಓಟ ನಿಜವಾದ ರೈಲಿನ ಓಟಕ್ಕೆ ತೀರ ಸಮೀಪವಾದುದು.

ಇವುಗಳಲ್ಲಿ ಯಾವುದನ್ನು ಆರಿಸಬೇಕು? ಮೊದಲು ತೂಕವನ್ನು ನೋಡಬೇಕು. ತಂತಿ ಬಾಗಬೇಕಾದರೆ ಡಬ್ಬಿಗೆ ತಕ್ಕಷ್ಟು ಭಾರವಿರಬೇಕು. ಅಚ್ಚೊಂದಕ್ಕೆ ಸುಮಾರು 25 ಗ್ರಾಂ ಎಂಬುದು ಬ್ರಿಟನ್ನಿನ ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಹಗುರವಾದ ಡಬ್ಬಿಯಲ್ಲಿ ತಂತಿ ಬಾಗದೆ, ಬಿಗಿಯಾದ ಅಚ್ಚಿನಂತೆಯೇ ವರ್ತಿಸುತ್ತದೆ. ತೊಟ್ಟಿಲಿಗೆ ಈ ಹಂಗಿಲ್ಲ. ಹೊಸಬರ ಕೈಗೆ ಅದೇ ಸುಲಭ. ಅನಂತರ ಅಚ್ಚಿನ ಉದ್ದವನ್ನು ಅಳೆಯಬೇಕು. ಬ್ರಿಟನ್ನಿನ 4 ಮಿಲಿಮೀಟರ್ ಪ್ರಮಾಣದ ಡಬ್ಬಿಗಳ ಅಚ್ಚು ಮೊನೆಯಿಂದ ಮೊನೆಗೆ ಸಾಮಾನ್ಯವಾಗಿ 26 ಮಿಲಿಮೀಟರ್. ಅದಕ್ಕೆಂದು ಮಾಡಿದ ಬಿಡಿಭಾಗವನ್ನು ಅಳೆಯದೆ ತರಿಸಿದರೆ, ಕಿರಿದಾದ ಮೀಟರ್ ಗೇಜಿನ ಡಬ್ಬಿಗೆ ಅದು ಹೊಂದದೆ ಹಣ ವ್ಯರ್ಥವಾದೀತು. ಹತ್ತಿರದಲ್ಲಿ ಅಂಗಡಿಯಿಲ್ಲದ ಊರಿನವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಬಣ್ಣ ಬಳಿಯುವುದಕ್ಕೆ ಮುನ್ನ ಒಂದು ಪರೀಕ್ಷೆ ಮಾಡಿಕೊಳ್ಳುವುದು ಒಳಿತು. ಡಬ್ಬಿಯನ್ನು ಕನ್ನಡಿಯ ಮೇಲೆ ನಿಲ್ಲಿಸಿ, ಒಂದು ಗಾಲಿಯ ಅಡಿಯಲ್ಲಿ ಪೋಸ್ಟ್ ಕಾರ್ಡಿನ ಚೂರೊಂದನ್ನು ಇಡಬೇಕು. ಉಳಿದ ಮೂರು ಗಾಲಿಗಳೂ ಕನ್ನಡಿಯನ್ನು ಬಿಡದಿದ್ದರೆ ಕೆಲಸ ಸರಿಯಾಯಿತೆಂದೇ ತಿಳಿಯಬೇಕು. ನಾಲ್ಕು ಗಾಲಿಗಳಿಗೂ ಸರದಿಯಂತೆ ಹೀಗೆಯೇ ಮಾಡಬೇಕು.

ಹಿರೇಕೆರೂರಿನ ಹೊಲದ ದಾರಿಯಲ್ಲಿ ಚಕ್ಕಡಿ ಹೊಡೆದ ಅಜ್ಜನಿಗೆ ಇದರಲ್ಲಿ ಹೊಸತೇನೂ ಕಾಣಲಾರದು. ದಾರಿಯನ್ನೆಲ್ಲ ಸಮಮಾಡುವುದು ಯಾರಿಂದಲೂ ಆಗದ ಮಾತು. ಬಂಡಿಗೆ ತುಸು ಬಾಗುವುದನ್ನು ಕಲಿಸಿದರೆ ಸಾಕು. ಮೊಮ್ಮಗನ ಡಬ್ಬಿ ತಿರುವು ದಾಟಿದ ದಿನ, ಈ ಮಾತನ್ನು ಹೇಳುವ ಹಕ್ಕು ಆ ಹಿರಿಯರದೇ.